ದೋಣಿ ಎಳೆದ ದಂಡೆಯಲ್ಲಿ ಸೈಕಲ್ ದಾರಿ: ಕರ್ನೂಲಿನ ಕೆ.ಸಿ. ಕೆನಾಲ್ ನಡೆದು ಬಂದ ಬಗೆ

ಆದೋನಿ, ಕೋಸಿಗಿ, ಮಂತ್ರಾಲಯ ಕಡೆಯ ಕನ್ನಡದವರಿಗೆ ಕರ್ನೂಲು ಅಂದರೆ ಕಲೆಕ್ಟರ್ ಆಫೀಸು, ದೊಡ್ಡಾಸ್ಪತ್ರೆ, ಮಕ್ಕಳ ಕಾಲೇಜು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದಾಗಿನಿಂದ ಇದೇ ನಮ್ಮ ಜಿಲ್ಲಾ ಕೇಂದ್ರ. ಊರೊಳಗೆ ಹರಿಯುವ ಕೆ.ಸಿ. ಕೆನಾಲನ್ನು, ಅಂದರೆ ಕರ್ನೂಲು-ಕಡಪ ಕಾಲುವೆಯನ್ನು, ಬಸ್ಸಿನ ಕಿಟಕಿಯಿಂದ ಎಲ್ಲರೂ ನೋಡಿರುತ್ತೇವೆ. ಗಣೇಶನನ್ನು ಬಿಡುವ ವಿನಾಯಕ ಘಾಟ್ ಇರುವುದೂ ಅದರ ದಂಡೆಯಲ್ಲೇ. ಆದರೆ ಆ ದಂಡೆ ಹಿಡಿದು ಸೈಕಲ್ಲಿನಲ್ಲಿ ಹೋಗಬಹುದು ಅಂತ ಯೋಚಿಸಿದವರು ಕಡಿಮೆ.

ಸೈಕಲ್ಲಿಗೆ ಇದಕ್ಕಿಂತ ಸಲೀಸಾದ ದಾರಿ ಈ ಸೀಮೆಯಲ್ಲಿ ಸಿಗುವುದು ಕಷ್ಟ. ಕಾರಣ ತುಂಬಾ ಸರಳ. ಕಾಲುವೆ ನೀರು ದಂಡೆ ಕೊರೆಯದೆ ನಿಧಾನವಾಗಿ ಸಾಗಬೇಕು. ಅದಕ್ಕಾಗಿ ಕಾಲುವೆಯನ್ನು ನೆಲದ ಮಟ್ಟ ನೋಡಿಕೊಂಡು ಬಳಸಿ ಬಳಸಿ ತೆಗೆಯುತ್ತಾರೆ. ಒಂದು ಕಿಲೋಮೀಟರಿಗೆ ಗೇಣುದ್ದ ಇಳಿಜಾರಿದ್ದರೂ ನೀರು ಹರಿಯುತ್ತದೆ. ನೀರಿಗೆ ಸಮತಟ್ಟಾದದ್ದು ಪೆಡಲ್ ತುಳಿಯುವ ಕಾಲಿಗೂ ಸಮತಟ್ಟು. ಏರು ದಾರಿ ಕಂಡು ಹಿಂಜರಿಯುವ ಮಕ್ಕಳಿಗೆ, ವಯಸ್ಸಾದವರಿಗೆ, ಹೊಸದಾಗಿ ಕಲಿಯುವವರಿಗೆ ಇದು ಸಣ್ಣ ಅನುಕೂಲವಲ್ಲ.

ದಂಡೆಯಲ್ಲಿ ಸೈಕಲ್ ದಾರಿ ಬೇಕು ಅಂದರೆ ಹೊಲಕ್ಕೆ ನೀರಿಲ್ಲದಾಗ ಇದೆಂಥ ಪಟ್ಟಣದ ಆಸೆ ಅಂತ ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಕಾಲುವೆಯನ್ನು ತೋಡಿದ್ದು ಹೊಲಕ್ಕೂ ಹೌದು, ಓಡಾಟಕ್ಕೂ ಹೌದು.

1850ರ ದಶಕದ ಕೊನೆಗೆ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಹುಟ್ಟಿಕೊಂಡಿತು. ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಹೊಣೆಯನ್ನು ಸರ್ಕಾರವೇ ಹೊತ್ತಿತು. ಇದರ ಹಿಂದಿದ್ದದ್ದು ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್ ಅವರ ವಿಚಾರ. ರೈಲಿಗಿಂತ ನೀರಿನ ದಾರಿ ಅಗ್ಗ, ಅದೇ ನೀರು ಬೆಳೆಗೂ ಆಗುತ್ತದೆ ಅನ್ನುವುದು ಅವರ ವಾದ. ಕರ್ನೂಲಿನಿಂದ ಮೇಲಕ್ಕೆ, ಮೂವತ್ತು ಕಿಲೋಮೀಟರ್ ಒಳಗೇ ಇರುವ ಸುಂಕೇಸುಲದಲ್ಲಿ ತುಂಗಭದ್ರೆಗೆ ಅಡ್ಡಕಟ್ಟೆ ಕಟ್ಟಿದರು. ಅಲ್ಲಿಂದ ಕರ್ನೂಲು, ನಂದ್ಯಾಲ ಸೀಮೆ ದಾಟಿ ಕಡಪದವರೆಗೆ ಸುಮಾರು 306 ಕಿ.ಮೀ. ಕಾಲುವೆ. 1863ರಲ್ಲಿ ಶುರುವಾದ ಕೆಲಸ 1870ರ ಹೊತ್ತಿಗೆ ಮುಗಿಯಿತು. ಕರ್ನೂಲಿನಲ್ಲಿ ಹಂದ್ರಿ ನದಿ ಅಡ್ಡ ಬಂದಾಗ ಕಾಲುವೆಯನ್ನೇ ಮೇಲ್ಗಾಲುವೆಯ ಮೇಲೆ ನದಿ ದಾಟಿಸಿದರು. ಕೆಳಗೆ ಒಂದು ನೀರು, ಮೇಲೆ ಒಂದು ನೀರು. ಈಗಲೂ ನಿಂತು ನೋಡುವಂಥದ್ದು.

ದೋಣಿ ಸಾಗಬೇಕಾದರೆ ದಂಡೆಯೂ ಬೇಕು. ಮದ್ರಾಸ್ ಪ್ರಾಂತ್ಯದ ಕಾಲುವೆಗಳಲ್ಲಿ ಗಾಳಿ ಇದ್ದಾಗ ಹಾಯಿ ಕಟ್ಟುತ್ತಿದ್ದರು. ಇಲ್ಲದಿದ್ದಾಗ ಹಗ್ಗ ಹಿಡಿದು ದಂಡೆಯ ಮೇಲೆ ನಡೆಯುತ್ತಾ ಆಳುಗಳು ದೋಣಿ ಎಳೆಯುತ್ತಿದ್ದರು. ಆ ಕಾಲಕ್ಕೆ ದಂಡೆಯೇ ಕಾಲುವೆಯ ರಸ್ತೆ. ಅದನ್ನು ತುಳಿದು ಗಟ್ಟಿ ಮಾಡಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನನಗೆ ಕಾಟನ್ ಅವರಷ್ಟೇ ಅವರೂ ಮುಖ್ಯ.

ಲೆಕ್ಕಾಚಾರ ಮಾತ್ರ ಕೈಕೊಟ್ಟಿತು. 1871ರಲ್ಲಿ ಮದ್ರಾಸಿನ ರೈಲು ಕಡಪ, ಗುಂತಕಲ್ಲು, ಆದೋನಿ ಮೇಲೆ ಹಾದು ರಾಯಚೂರು ಮುಟ್ಟಿತು. ಕಾಲುವೆ ಮುಗಿಯುವ ಹೊತ್ತಿಗೇ ರೈಲೂ ಬಂತು, ನೋಡಿ. ನಮ್ಮ ಕಡೆಯ ಹತ್ತಿ ರೈಲು ಹತ್ತಿತು. ಇತ್ತ ಎರೆಮಣ್ಣಿನಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದ ರೈತರು ದುಡ್ಡು ಕೊಟ್ಟು ನೀರು ಕೊಳ್ಳಲು ಮುಂದೆ ಬರಲಿಲ್ಲ. 1882ರಲ್ಲಿ ಸರ್ಕಾರ ಕಾಲುವೆಯನ್ನು ಕಂಪನಿಯಿಂದ ಕೊಂಡುಕೊಂಡಿತು. ದೋಣಿಗಳಿಂದ ಖರ್ಚೂ ಹುಟ್ಟದೆ 1933ರಲ್ಲಿ ಅವನ್ನು ನಿಲ್ಲಿಸಿದರು.

ಅಲ್ಲಿಗೆ ದಂಡೆಯ ಕೆಲಸ ಬದಲಾಯಿತು. ತೂಬು ಎತ್ತಿ ಇಳಿಸುವ ಲಸ್ಕರ್, ಬಿರುಕು ನೋಡಲು ಬರುವ ಇಂಜಿನಿಯರ್, ಹೊಲಕ್ಕೆ ಹೋಗುವ ರೈತ ಇಷ್ಟೇ ಜನ ಓಡಾಡುವ ಜಾಗವಾಯಿತು. ಇತ್ತ ನೀರಾವರಿಗೆ ಬೇಡಿಕೆ ಬೆಳೆಯುತ್ತಲೇ ಹೋಯಿತು. ಈಗ ಈ ಕಾಲುವೆ ನೀರುಣ್ಣುವ ಅಚ್ಚುಕಟ್ಟು 2.65 ಲಕ್ಷ ಎಕರೆ. ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿಕೊಟ್ಟ ಬಚಾವತ್ ಟ್ರಿಬ್ಯೂನಲ್ ಈ ಕಾಲುವೆಗೆ 39.9 ಟಿಎಂಸಿ ನೀರು ಹಂಚಿತು. ಅದರಲ್ಲಿ 10 ಟಿಎಂಸಿ ಹೊಸಪೇಟೆಯ ತುಂಗಭದ್ರಾ ಡ್ಯಾಮಿನಿಂದಲೇ ಬರಬೇಕು. ಕರ್ನೂಲು ಸೋನಾ ಅಕ್ಕಿ ಉಣ್ಣುವ ಕನ್ನಡದ ಮನೆಗಳಿಗೂ ಈ ಕಾಲುವೆಗೂ ನಂಟಿದೆ ಅನ್ನಬಹುದು.

ಊರೊಳಗಿನ ಕಥೆ ಬೇರೆ. ಕರ್ನೂಲು ಬೆಳೆದ ಹಾಗೆ ಮನೆಗಳು ದಂಡೆಗೆ ಒತ್ತಿಕೊಂಡವು. ಚರಂಡಿ ನೀರು, ಕಸ ಕಾಲುವೆಗೆ ಬಿತ್ತು. ಜಪಾನಿನ ಸಾಲದಲ್ಲಿ ಕಾಲುವೆಯ ಆಧುನೀಕರಣ ನಡೆದಾಗಲೂ ಗುರಿ ಒಂದೇ: ನೀರು ಸೋರದೆ ಕೊನೆಯ ಹೊಲ ಮುಟ್ಟಬೇಕು. ಅದು ಬೇಕಾದ ಕೆಲಸವೇ. ಆದರೆ ದಂಡೆಯ ಮೇಲೆ ನಡೆಯುವವರ ಬಗ್ಗೆ ಯಾರೂ ಯೋಚಿಸಲಿಲ್ಲ. 2009ರ ಅಕ್ಟೋಬರ್ ನೆರೆಯಲ್ಲಿ ಊರೇ ಮುಳುಗಿದ ಮೇಲೆ ಕರ್ನೂಲಿನ ಜನಕ್ಕೆ ನೀರು ಅಂದರೆ ಭಯವೂ ಸೇರಿಕೊಂಡಿತು. ಅದನ್ನು ಹಗುರವಾಗಿ ನೋಡಬಾರದು.

ಬೇರೆ ಕಡೆ ಹಳೆಯ ದಂಡೆಗಳಿಗೆ ಹೊಸ ಜೀವ ಬಂದಿದೆ. ಅಮೆರಿಕದ ಈರಿ ಕಾಲುವೆ ತೆರೆದದ್ದು 1825ರಲ್ಲಿ. ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ಆ ಸಾಲಿನಲ್ಲಿ ಈಗ ಆಲ್ಬನಿಯಿಂದ ಬಫಲೋವರೆಗೆ ಸುಮಾರು 580 ಕಿ.ಮೀ. ಸೈಕಲ್ ದಾರಿ ಇದೆ. ಲಂಡನ್ನಿನ ರೀಜೆಂಟ್ಸ್ ಕಾಲುವೆ ಊರ ನಡುವಿನದು, ಹಾಗಾಗಿ ನಮಗೆ ಅದೇ ಹೆಚ್ಚು ಹತ್ತಿರ. 1820ರಲ್ಲಿ ಪೂರ್ತಿಯಾದ ಅದರ ಕುದುರೆ ದಾರಿಯಲ್ಲಿ ಈಗ ನಡೆಯುವವರೂ ಸೈಕಲ್ಲಿನವರೂ ಜಾಸ್ತಿ. ಸೇತುವೆಗಳ ಕೆಳಗೆ ದಾರಿ ಕಿರಿದು, ಎದುರಿನವರು ಕಾಣುವುದಿಲ್ಲ. ಅದಕ್ಕೇ ಅಲ್ಲಿ ನಡೆಯುವವರಿಗೆ ಮೊದಲ ಹಕ್ಕು, ಸೈಕಲ್ಲಿನವರು ನಿಧಾನಿಸಬೇಕು.

ಕರ್ನೂಲಿಗೆ ಬೇಕಾದದ್ದು 306 ಕಿ.ಮೀ. ಅಲ್ಲ. ವಿನಾಯಕ ಘಾಟಿನಿಂದ ಸುಂಕೇಸುಲದ ಕಡೆಗೆ ಊರು ದಾಟುವಷ್ಟು ದೂರ ಮೊದಲು ಆಗಲಿ. ಡಾಂಬರೂ ಬೇಡ, ಗಟ್ಟಿ ಮೊರಂ ಸಾಕು. ನೀರಿನ ಬದಿಗೆ ತಡೆಬೇಲಿ, ಬೈಕುಗಳು ನುಗ್ಗದಂತೆ ಕಲ್ಲುಕಂಬ, ರಸ್ತೆ ದಾಟುವಲ್ಲಿ ಉಬ್ಬು, ದಕ್ಷಿಣದ ಬಿಸಿಲಿಗೆ ನೆರಳು ಕೊಡುವ ಬೇವು, ಹೊಂಗೆ. ಗಿಡಗಳನ್ನು ದಂಡೆಯ ಹೊರಮಗ್ಗುಲಲ್ಲೇ ನೆಡಬೇಕು, ಇಲ್ಲದಿದ್ದರೆ ಬೇರು ಒಳಗೋಡೆ ಸೀಳುತ್ತದೆ. ಬಟ್ಟೆ ಒಗೆಯುವವರ ಮೆಟ್ಟಿಲು, ಎಮ್ಮೆ ಇಳಿಯುವ ಜಾಗ ಹಾಗೇ ಇರಬೇಕು. ಅವರು ನಮಗಿಂತ ಮೊದಲಿನವರು, ಅಲ್ವಾ?

ಕಾಲುವೆ ನೀರಾವರಿ ಇಲಾಖೆಯದು, ಊರಿನ ಚರಂಡಿ ನಗರಪಾಲಿಕೆಯದು. ಇಬ್ಬರೂ ಒಟ್ಟಿಗೆ ಕೂರದೆ ಇದು ಆಗುವುದಿಲ್ಲ. ರಿಪೇರಿ ಕೆಲಸಕ್ಕೆ ಕಾಲುವೆ ಒಣಗುವ ಬೇಸಿಗೆಯೇ ಸಮಯ. ಆ ವರ್ಷದ ಕೆಲಸದ ಅಂದಾಜು ತಯಾರಾಗುವುದು ಅದಕ್ಕೂ ಮೊದಲು. ಆದ್ದರಿಂದ ಅರ್ಜಿ ಕೊಡುವವರು ಕಾಲುವೆ ತುಂಬಿ ಹರಿಯುತ್ತಿರುವಾಗಲೇ ಕೊಡಬೇಕು.