ಮುರಕಲ್ಲಿನ ದಾರಿಗೆ ಯಾವ ಡ್ಯಾಂಪರ್?

ಮಣಿಪಾಲ, ಮುಡಿಪು ಕಡೆಯ ಪದವುಗಳಲ್ಲಿ (ಗುಡ್ಡದ ಮೇಲಿನ ಬಯಲುಗಳಲ್ಲಿ) ಮೌಂಟನ್ ಬೈಕ್ ಓಡಿಸುವವರಿಗೆ ಮುರಕಲ್ಲು ಎಂದರೇನು ಎಂದು ಹೇಳಬೇಕಾಗಿಲ್ಲ. ಮಳೆಗೆ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೆದ್ದಿರುತ್ತದೆ. ಮೈಯೆಲ್ಲ ತೂತು, ಅಂಚೆಲ್ಲ ಚೂಪು. ಸ್ವಲ್ಪ ಹೊತ್ತು ಇಳಿದರೆ ಸಾಕು, ಅಂಗೈ ಉರಿ, ಮಣಿಕಟ್ಟು ನೋವು. ಆಗ ಹೆಚ್ಚಿನವರು ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದು ಕುಗ್ಗಿ ಏಳುವ ಕವಲಿನ, ಗಾಳಿ ಕಡಿಮೆ ಮಾಡುತ್ತಾರೆ. ಇಲ್ಲವೇ ಇನ್ನೂ ಉದ್ದದ ಟ್ರಾವೆಲ್ (ಕುಗ್ಗುವ ದೂರ) ಇರುವ ಫೋರ್ಕ್ ಹುಡುಕುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಈ ಕುಗ್ಗಿ ಏಳುವುದಕ್ಕೆ ತಡೆ ಹಾಕುವ ಡ್ಯಾಂಪರನ್ನು.

ಒಳ್ಳೆಯ ಫೋರ್ಕುಗಳಲ್ಲಿ ಸಾಮಾನ್ಯವಾಗಿ ಒಂದು ಕಾಲಿನೊಳಗೆ ಸ್ಪ್ರಿಂಗ್ ಇರುತ್ತದೆ, ಗಾಳಿಯದ್ದೋ ಉಕ್ಕಿನದ್ದೋ. ಅದು ಪೆಟ್ಟಿನ ಶಕ್ತಿಯನ್ನು ಹಿಡಿದಿಟ್ಟುಕೊಂಡು ಮತ್ತೆ ವಾಪಸ್ ಕೊಡುತ್ತದೆ. ಇನ್ನೊಂದು ಕಾಲಿನಲ್ಲಿ ಡ್ಯಾಂಪರ್. ಅಲ್ಲಿ ಪಿಸ್ಟನ್ನು ಎಣ್ಣೆಯನ್ನು ಸಣ್ಣ ದಾರಿಗಳಲ್ಲಿ ನೂಕುತ್ತದೆ, ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಫೋರ್ಕ್ ಕುಗ್ಗುವಾಗ ತಡೆಯುವುದು ಕಂಪ್ರೆಶನ್, ಮೇಲೇಳುವಾಗ ತಡೆಯುವುದು ರಿಬೌಂಡ್.

ಇಲ್ಲೊಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವ 29 ಇಂಚಿನ ಚಕ್ರಕ್ಕೆ 5 ಸೆಂ.ಮೀ. ಎತ್ತರದ ಕಲ್ಲು ಸಿಕ್ಕಿತು ಅಂದುಕೊಳ್ಳಿ. ಟೈರು ಸ್ವಲ್ಪ ಪೆಟ್ಟು ನುಂಗುತ್ತದೆ, ಅದನ್ನು ಬದಿಗಿಡೋಣ. ಚಕ್ರ ಕಲ್ಲನ್ನು ಮುಟ್ಟಿ ಮೇಲೇರಲು ಸಿಗುವ ಸಮಯ ಸೆಕೆಂಡಿನ ನೂರನೇ ಮೂರು ಭಾಗಕ್ಕಿಂತಲೂ ಕಡಿಮೆ. ಅಂದರೆ ಫೋರ್ಕು ಸೆಕೆಂಡಿಗೆ ಸುಮಾರು 1.8 ಮೀಟರ್ ವೇಗದಲ್ಲಿ ಕುಗ್ಗಬೇಕು. ಅದೇ ಬ್ರೇಕ್ ಹಿಡಿದಾಗ ಮುಂಭಾಗ ಅರ್ಧ ಸೆಕೆಂಡಿನಲ್ಲಿ ಅಷ್ಟೇ 5 ಸೆಂ.ಮೀ. ತಗ್ಗಿದರೆ ವೇಗ ಸೆಕೆಂಡಿಗೆ ಬರೀ 0.1 ಮೀಟರ್. ಹದಿನೆಂಟು ಪಟ್ಟು ವ್ಯತ್ಯಾಸ! ಡ್ಯಾಂಪರಿನ ಮಾತಿನಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಅನ್ನುವುದು ಈ ಕುಗ್ಗುವ ವೇಗವನ್ನು. ಸೈಕಲ್ ಎಷ್ಟು ಜೋರಾಗಿ ಹೋಗುತ್ತಿದೆ ಅನ್ನುವುದು ಬೇರೆ ವಿಷಯ.

ಎಣ್ಣೆ ಹರಿಯಲು ಬರೀ ಒಂದು ತೂತು ಇದ್ದರೆ ಏನಾಗುತ್ತದೆ? ರಭಸದಿಂದ ನುಗ್ಗುವ ಎಣ್ಣೆಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು, ಹದಿನೆಂಟು ಪಟ್ಟಾದರೆ 300ಕ್ಕೂ ಜಾಸ್ತಿ. ಸಿರಿಂಜಿನ ನೀರನ್ನು ನಿಧಾನ ಒತ್ತಿದರೆ ಸಲೀಸಾಗಿ ಬರುತ್ತದೆ, ಗಟ್ಟಿಯಾಗಿ ಗುದ್ದಿದರೆ ಹೆಬ್ಬೆರಳೇ ನಿಂತುಬಿಡುತ್ತದೆ, ಅಲ್ವಾ? ಹಾಗೇ ಕಲ್ಲು ಬಂದ ಕ್ಷಣ ಫೋರ್ಕ್ ಕಬ್ಬಿಣದ ಸಲಾಕೆಯಂತೆ ಬಿಗಿಯುತ್ತದೆ. ಪೆಟ್ಟು ನೇರ ಕೈಗೆ.

ಇದಕ್ಕೆ ಪರಿಹಾರ ಶಿಮ್. ಕಾಗದದಷ್ಟು ತೆಳ್ಳಗಿನ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ ಪಿಸ್ಟನ್ನಿನ ದೊಡ್ಡ ತೂತುಗಳನ್ನು ಮುಚ್ಚಿರುತ್ತಾರೆ. ನಿಧಾನ ಕುಗ್ಗುವಾಗ ಬಿಲ್ಲೆ ಅಲುಗುವುದಿಲ್ಲ, ಎಣ್ಣೆ ಸಣ್ಣ ದಾರಿಯಲ್ಲೇ ಹೋಗಬೇಕು. ಜೋರು ಪೆಟ್ಟು ಬಿದ್ದಾಗ ಎಣ್ಣೆಯ ಒತ್ತಡಕ್ಕೆ ಬಿಲ್ಲೆಯ ಅಂಚು ಬಾಗಿ ದಾರಿ ಬಿಡುತ್ತದೆ, ಕೂಡಲೇ ಮುಚ್ಚಿಕೊಳ್ಳುತ್ತದೆ. ಬಿಲ್ಲೆಗಳ ದಪ್ಪ, ಅಗಲ, ಸಂಖ್ಯೆ ಬದಲಿಸಿದರೆ ಫೋರ್ಕಿನ ಗುಣವೇ ಬದಲು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಜಾಣ್ಮೆ ಇರುವ ಯಂತ್ರಭಾಗ ಸೈಕಲ್ಲಿನಲ್ಲಿ ಬೇರೊಂದಿಲ್ಲ ಎಂದೇ ನನಗೆ ಅನ್ನಿಸುವುದು.

ಹಾಗಾದರೆ ಯಾರಿಗೆ ಯಾವುದು? ಹೆಚ್ಚಾಗಿ ಟಾರ್ ರಸ್ತೆಯಲ್ಲಿ, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಂಥವರಿಗೆ ಲಾಕೌಟ್ (ಫೋರ್ಕ್ ಕುಗ್ಗದಂತೆ ಬಿಗಿಯುವ ಏರ್ಪಾಟು) ಅಥವಾ ಓಪನ್, ಮೀಡಿಯಂ, ಫರ್ಮ್ ಎಂಬ ಮೂರು ಹಂತದ ಲಿವರ್ ಇದ್ದರೆ ಚೆನ್ನ. ಎದ್ದುನಿಂತು ತುಳಿದರೂ ಫೋರ್ಕ್ ತೂಗಾಡುವುದಿಲ್ಲ. ಆದರೆ ಕಲ್ಲಿನ ಇಳಿಜಾರು ಬಂದಾಗ ಅದನ್ನು ಬಿಡಿಸಲು ಮರೆಯಬಾರದು. ಕಾಡುದಾರಿ, ಪದವು ಎಲ್ಲ ಕಡೆ ಸುತ್ತುವವರಿಗೆ ಲೋ ಸ್ಪೀಡ್ ಕಂಪ್ರೆಶನ್ ಮತ್ತು ರಿಬೌಂಡ್, ಇವೆರಡೇ ತಿರುಪು ಸಾಕು. ಫಾಕ್ಸ್ ಕಂಪನಿಯ ಗ್ರಿಪ್2 ಡ್ಯಾಂಪರಿನಲ್ಲಿ ನಾಲ್ಕು ತಿರುಪುಗಳಿವೆ, ಕಂಪ್ರೆಶನ್ನಿಗೂ ರಿಬೌಂಡಿಗೂ ಲೋ, ಹೈ ಬೇರೆ ಬೇರೆ. ಎಂಡ್ಯೂರೋ, ಡೌನ್‌ಹಿಲ್ ಎಂಬ ಇಳಿಜಾರಿನ ಸ್ಪರ್ಧೆಗಳಲ್ಲಿ ಒಂದೇ ಇಳಿಜಾರನ್ನು ಮತ್ತೆ ಮತ್ತೆ ಇಳಿದು ಹೋಲಿಸಿ ನೋಡುವವರಿಗೆ ಅದು ವರ. ಉಳಿದವರು ನಾಲ್ಕನ್ನೂ ತಿರುಗಿಸುತ್ತಾ ಹೋದರೆ ಯಾವುದರಿಂದ ಏನಾಯಿತು ಎಂದೇ ತಿಳಿಯುವುದಿಲ್ಲ. ಸುಮ್ನೆ ದುಡ್ಡು ದಂಡ.

ತಿರುಪುಗಳ ಲೆಕ್ಕಕ್ಕಿಂತ ನಾನು ಹೆಚ್ಚು ತೂಕ ಕೊಡುವುದು ಎಣ್ಣೆ ಗಾಳಿಯೊಡನೆ ಬೆರೆಯದಂತೆ ಏನು ಏರ್ಪಾಟಿದೆ ಎಂಬುದಕ್ಕೆ. ಎಣ್ಣೆ, ಗಾಳಿ ಎರಡೂ ಒಂದೇ ಕಡೆ ಇರುವ ಸರಳವಾದ ಓಪನ್ ಬಾತ್ ಡ್ಯಾಂಪರಿನಲ್ಲಿ ಉದ್ದದ ಇಳಿಜಾರಿನಲ್ಲಿ ಎಣ್ಣೆ ನೊರೆಗಟ್ಟಬಹುದು. ನೊರೆ ಸುಲಭವಾಗಿ ಕುಗ್ಗುವುದರಿಂದ ತಡೆ ಕಳೆದುಹೋಗುತ್ತದೆ. ಎಣ್ಣೆಯನ್ನು ಬೇರೆ ಕೊಳವೆಯಲ್ಲಿ ಸೀಲ್ ಮಾಡಿದ ಕಾರ್ಟ್ರಿಜ್‌ನಲ್ಲಿ ಈ ತೊಂದರೆ ತೀರಾ ಕಡಿಮೆ. ರಾಕ್‌ಶಾಕ್ಸ್ ಕಂಪನಿ 2013ರಲ್ಲಿ ಪೈಕ್ ಫೋರ್ಕಿನ ಜೊತೆ ತಂದ ಚಾರ್ಜರ್ ಡ್ಯಾಂಪರಿನಲ್ಲಿ ಇದಕ್ಕಾಗಿ ರಬ್ಬರಿನ ಚೀಲವಿತ್ತು. 2022ರ ಚಾರ್ಜರ್ 3ರಲ್ಲಿ ಚೀಲದ ಬದಲು ಸ್ಪ್ರಿಂಗ್ ಒತ್ತಿ ಹಿಡಿದ ತೇಲುವ ಪಿಸ್ಟನ್ ಬಂತು.

ರಿಬೌಂಡಿನ ವಿಷಯದಲ್ಲಿ ಮೈತೂಕ ಮುಖ್ಯ. ಭಾರ ಹೆಚ್ಚಿದ್ದವರು ಗಾಳಿ ಹೆಚ್ಚು ತುಂಬುತ್ತಾರೆ, ಸ್ಪ್ರಿಂಗ್ ಜೋರಾಗಿ ತಳ್ಳುತ್ತದೆ, ಹಾಗಾಗಿ ರಿಬೌಂಡ್ ತಡೆಯೂ ಹೆಚ್ಚು ಬೇಕು. ಜಾಸ್ತಿ ಬಿಗಿ ಮಾಡಿದರೆ ಮುರಕಲ್ಲಿನ ಸಾಲಿನಲ್ಲಿ ಮುಂದಿನ ಕಲ್ಲು ಬರುವ ಮೊದಲು ಫೋರ್ಕ್ ಏಳುವುದೇ ಇಲ್ಲ. ಪ್ರತಿ ಪೆಟ್ಟಿಗೂ ಇನ್ನಷ್ಟು ತಗ್ಗುತ್ತಾ ಗಡುಸಾಗುತ್ತದೆ. ಕೈನೋವಿಗೆ ಬಹಳ ಸಲ ಇದೇ ಕಾರಣ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಹ್ಯಾಂಡಲನ್ನು ಪೂರ್ತಿ ಒತ್ತಿ ತಟ್ಟನೆ ಬಿಡಿ. ಚಕ್ರ ನೆಲದಿಂದ ಹಾರಿದರೆ ತಡೆ ಸಾಲದು. ಎಳೆದುಕೊಂಡು ನಿಧಾನ ಎದ್ದರೆ ಒಂದೊಂದೇ ಕ್ಲಿಕ್ ಸಡಿಲಿಸಿ ಮತ್ತೆ ನೋಡಿ.