ಬಿಡೋದಕ್ಕೇ ಶಕ್ತಿ ಬೇಕು

ಸ್ನಾಯು ನೋವಿಗೆ ಸೂಜಿ ಚುಚ್ಚುವ ಚಿಕಿತ್ಸೆ ಡ್ರೈ ನೀಡ್ಲಿಂಗ್. ಹಾಗಂದ ತಕ್ಷಣ ಬರುವ ಮೊದಲ ಪ್ರಶ್ನೆ, ‘ಸೂಜಿಯಲ್ಲಿ ಏನು ಔಷಧಿ ಹಾಕ್ತಾರೆ?’ ಏನೂ ಇಲ್ಲ. ಇಂಜೆಕ್ಷನ್ ಸೂಜಿಗೆ ಒಳಗೆ ತೂತಾದರೂ ಇರುತ್ತದೆ, ಇದಕ್ಕೆ ಅದೂ ಇಲ್ಲ. ಕಾಲು ಮಿಲಿಮೀಟರ್ ಆಸುಪಾಸಿನ ದಪ್ಪದ ಸ್ಟೀಲ್ ತಂತಿ, ಅಷ್ಟೇ. ಕೆಟ್ಟ ರಕ್ತ ತೆಗೆಯುತ್ತೆ, ನರದ ಗಂಟು ಬಿಚ್ಚುತ್ತೆ ಅಂತೆಲ್ಲ ಹೇಳುವವರಿದ್ದಾರೆ. ತೂತೇ ಇಲ್ಲದ ಸೂಜಿ ಏನನ್ನು ತೆಗೆಯಬೇಕು ಹೇಳಿ?

ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಟ್ರಪೀಜಿಯಸ್ ಸ್ನಾಯುವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹಿಚುಕಿ ನೋಡಿ. ನೋವಿರುವವರಿಗೆ ಅಲ್ಲಿ ಬಿಗಿದ ಹುರಿಯಂಥದ್ದು ಸಿಗಬಹುದು, ಹುರಿಯ ಮೇಲೆ ಒಂದು ಜಾಗ ಒತ್ತಿದರೆ ನೋವು ಕಿವಿಯ ಹಿಂದೆ ಹತ್ತಿ ಹಣೆಯ ಪಕ್ಕಕ್ಕೂ ಬರುತ್ತದೆ. ಇದೇ ಟ್ರಿಗರ್ ಪಾಯಿಂಟ್. ಒತ್ತಿದ್ದು ಭುಜ, ನೋಯುವುದು ತಲೆ! 1938ರಲ್ಲೇ ಬ್ರಿಟನ್ನಿನ ವೈದ್ಯ ಜಾನ್ ಕೆಲ್‌ಗ್ರೆನ್ ಸ್ನಾಯುಗಳಿಗೆ ಉಪ್ಪುನೀರು ಚುಚ್ಚಿ, ಒಂದು ಕಡೆಯ ನೋವು ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ ಎಂದು ತೋರಿಸಿದ್ದರು.

ಈಗ ನನಗೆ ಬಲು ಇಷ್ಟವಾದ ಭಾಗ. ಸ್ನಾಯು ಬಿಗಿಯಾಗಲು ಶಕ್ತಿ ಬೇಕು, ಸುಮ್ನೆ ಸಡಿಲವಾಗಲು ಏನೂ ಬೇಡ ಅಂದುಕೊಳ್ಳುತ್ತೇವೆ ಅಲ್ವಾ? ಒಳಗೆ ನಡೆಯುವುದು ಬೇರೆ. ಮಯೋಸಿನ್ ಎಂಬ ಪುಟ್ಟ ಕೊಕ್ಕೆಗಳು ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತವೆ. ಹಿಡಿದ ಕೊಕ್ಕೆ ಬಿಡಬೇಕಾದರೆ ಎಟಿಪಿ ಎಂಬ ಇಂಧನದ ಅಣು ಬಂದು ಅದಕ್ಕೆ ಅಂಟಲೇಬೇಕು. ಬಟ್ಟೆಗೆ ಹಾಕುವ ಕ್ಲಿಪ್ಪು ನೋಡಿ, ಕಚ್ಚಿ ಹಿಡಿಯುವುದಕ್ಕೆ ಅದಕ್ಕೆ ನಮ್ಮ ಸಹಾಯ ಬೇಡ, ಬಾಯಿ ಬಿಡಿಸಲು ನಾವು ಒತ್ತಬೇಕು. ರೈಲಿನ ಏರ್ ಬ್ರೇಕೂ ಹಾಗೇ, ಪೈಪಿನಲ್ಲಿ ಗಾಳಿಯ ಒತ್ತಡ ಇದ್ದರೆ ಮಾತ್ರ ಬ್ರೇಕ್ ಬಿಟ್ಟಿರುತ್ತದೆ, ಗಾಳಿ ಹೋಯಿತೋ ಗಾಲಿ ಕಚ್ಚಿಕೊಂಡಿತು. ಸತ್ತ ಕೆಲವು ಗಂಟೆಗೆ ಹೆಣ ಸೆಟೆದುಕೊಳ್ಳುವುದೂ ಇದಕ್ಕೇ. ಎಟಿಪಿ ಮುಗಿದಿದೆ, ಹಿಡಿದ ಕೊಕ್ಕೆಗಳನ್ನು ಬಿಡಿಸುವವರಿಲ್ಲ. ಅದರಲ್ಲಿ ದೆವ್ವದ ಕೈವಾಡ ಏನೂ ಇಲ್ಲ.

ಟ್ರಿಗರ್ ಪಾಯಿಂಟಿನಲ್ಲಿ ಇದರದೇ ಸಣ್ಣ ರೂಪ ನಡೆಯುತ್ತದೆ ಎನ್ನುವುದು ಅಮೆರಿಕದ ವೈದ್ಯ ಡೇವಿಡ್ ಸೈಮನ್ಸ್ ಅವರ ವಾದ. ನರ ಸ್ನಾಯುವನ್ನು ಸೇರುವಲ್ಲಿ, ಬಿಗಿ ಎಂದು ಸ್ನಾಯುವಿಗೆ ಹೇಳುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಜಾಸ್ತಿ ಸೋರುತ್ತದೆ, ಒಂದು ತುಣುಕು ಬಿಗಿಯುತ್ತದೆ, ಬಿಗಿದ ತುಣುಕು ತನ್ನದೇ ರಕ್ತನಾಳಗಳನ್ನು ಹಿಂಡುತ್ತದೆ, ಆಮ್ಲಜನಕ ಕಡಿಮೆಯಾಗಿ ಎಟಿಪಿ ಸಾಲದೆ ಬಿಗಿ ಬಿಡುವುದೇ ಇಲ್ಲ. 2005ರಲ್ಲಿ ಅಮೆರಿಕದ ಸಂಶೋಧಕರು ತೀರಾ ಸಣ್ಣ ಸೂಜಿಯಿಂದ ಆ ಜಾಗದ ದ್ರವ ತೆಗೆದು ನೋಡಿದಾಗ ಅಲ್ಲಿ ಆಮ್ಲೀಯತೆಯೂ ನೋವು ಹುಟ್ಟಿಸುವ ರಾಸಾಯನಿಕಗಳೂ ಹೆಚ್ಚಿದ್ದವು. ಆದರೂ ಈ ವಾದಕ್ಕೆ ವಿರೋಧಿಗಳು ಕಡಿಮೆಯಿಲ್ಲ. ಒಬ್ಬ ತಜ್ಞ ಮುಟ್ಟಿ ತೋರಿಸಿದ ಜಾಗ ಇನ್ನೊಬ್ಬರ ಬೆರಳಿಗೆ ಸಿಗದಿರುವುದು ಮಾಮೂಲು.

ಸೂಜಿ ಸರಿಯಾದ ಜಾಗಕ್ಕೆ ತಾಗಿದರೆ ಸ್ನಾಯು ಒಮ್ಮೆ ಪಟಕ್ಕನೆ ಅದುರುತ್ತದೆ. ನೊಣ ಕೂತಾಗ ಹಸು ಚರ್ಮ ಅದುರಿಸುತ್ತದಲ್ಲ, ಥೇಟ್ ಹಾಗೆ. ನಾವು ಮಾಡಿದ್ದಲ್ಲ ಅದು, ಬೆನ್ನುಹುರಿಯ ಮಟ್ಟದಲ್ಲೇ ಆಗುವ ಪ್ರತಿಕ್ರಿಯೆ. ಆಮೇಲೆ ಬಿಗಿ ಇಳಿದಂತೆ ಅನಿಸುವುದುಂಟು.

ಬರೀ ಸೂಜಿಯಿಂದಲೂ ನೋವು ಇಳಿಯಬಹುದು ಅಂತ ಗೊತ್ತಾದದ್ದೂ ಒಂಥರಾ ಆಕಸ್ಮಿಕ. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಇಂಥ ಜಾಗಗಳಿಗೆ ಮರಗಟ್ಟಿಸುವ ಔಷಧಿ ಚುಚ್ಚುತ್ತಿದ್ದರು. 1979ರಲ್ಲಿ ಜೆಕೊಸ್ಲೊವಾಕಿಯಾದ ವೈದ್ಯ ಕಾರೆಲ್ ಲೆವಿಟ್, ಔಷಧಿ ಬಿಟ್ಟು ಬರೀ ಸೂಜಿ ಚುಚ್ಚಿದರೂ ಬಹಳ ಜನರಿಗೆ ತಕ್ಷಣ ನೋವು ಇಳಿಯಿತು ಎಂದು ಬರೆದರು. ಹೋಲಿಸಿ ನೋಡಲು ಸೂಜಿ ಚುಚ್ಚದ ಇನ್ನೊಂದು ಗುಂಪು ಅವರ ಬಳಿ ಇರಲಿಲ್ಲ. ನಾಟಕದ ಚೂರಿಯಂತೆ ಹಿಡಿಯೊಳಗೆ ಜಾರುವ ಸುಳ್ಳು ಸೂಜಿ ಬಂದದ್ದು ಆಮೇಲೆ. ಅಂಥದ್ದರ ಜೊತೆ ಹೋಲಿಸಿದರೆ ಡ್ರೈ ನೀಡ್ಲಿಂಗಿನ ಲಾಭ ಸಾಧಾರಣ, ಅದೂ ಕೆಲವು ವಾರಗಳ ಮಟ್ಟಿಗೆ. ಜೊತೆಗೆ ವ್ಯಾಯಾಮ ಮಾಡದಿದ್ದರೆ ನೋವು ವಾಪಸ್ ಬಂದರೆ ಆಶ್ಚರ್ಯವಿಲ್ಲ.

ಚುಚ್ಚಿದ ಜಾಗ ಒಂದೆರಡು ದಿನ ನೋಯುವುದು ಸಾಮಾನ್ಯ. ಆದರೆ ಶ್ವಾಸಕೋಶದ ತುದಿ ಕಾಲರ್ ಬೋನಿಗಿಂತ ಸ್ವಲ್ಪ ಮೇಲಿನವರೆಗೂ ಇರುತ್ತದೆ, ಭುಜದ ಸ್ನಾಯುವಿನ ಬುಡದಲ್ಲೇ. ಸೂಜಿ ಆಳಕ್ಕೆ ಹೋಗಿ ಅದನ್ನು ತೂತು ಮಾಡಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ ನಿಜ. ಆದರೂ ನೀಡ್ಲಿಂಗ್ ಆದ ಮೇಲೆ, ಕೆಲವು ಗಂಟೆ ಕಳೆದ ಮೇಲಾದರೂ ಸರಿ, ಎದೆಯಲ್ಲಿ ಚುಚ್ಚಿದಂತೆ ನೋವು ಬಂದರೆ ಅಥವಾ ಉಸಿರು ಕಟ್ಟಿದರೆ ಸ್ನಾಯು ಹಿಡಿದಿದೆ ಅಂತ ಮಲಗಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ, ಸೂಜಿ ಚುಚ್ಚಿಸಿಕೊಂಡದ್ದನ್ನು ಮೊದಲು ಹೇಳಿ.