ಇಪ್ಪತ್ತು ವರ್ಷ ಬಾಳಿದರೂ ಅಮೆರಿಕ ತನ್ನವರೆನ್ನಲಿಲ್ಲ

ತಕಾವೊ ಒಜಾವಾ ಹುಟ್ಟಿದ್ದು ಜಪಾನಿನಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹೈಸ್ಕೂಲು ಮುಗಿಸಿ, ಅಲ್ಲಿನ ವಿಶ್ವವಿದ್ಯಾಲಯದಲ್ಲೂ ಸ್ವಲ್ಪ ಕಾಲ ಓದಿ, ಆಮೇಲೆ ಹವಾಯಿಯಲ್ಲಿ ನೆಲೆಸಿದರು. ಮನೆಯಲ್ಲೂ ಇಂಗ್ಲಿಷೇ ಮಾತಾಡುತ್ತಿದ್ದರು. 1914ರಲ್ಲಿ ಪೌರತ್ವಕ್ಕೆ ಅರ್ಜಿ ಹಾಕಿದಾಗ ಅವರು ಅಮೆರಿಕಕ್ಕೆ ಬಂದು 20 ವರ್ಷವಾಗಿತ್ತು. ಅವರ ನಡತೆ, ವಿದ್ಯೆ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆದರೂ 1922ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಗೋದಿಲ್ಲ ಎಂದಿತು.

ಇದರ ಬೇರು 1790ರ ಕಾಯ್ದೆಯಲ್ಲಿದೆ. ಹೊರಗಿನಿಂದ ಬಂದವರಲ್ಲಿ 'ಸ್ವತಂತ್ರ ಬಿಳಿಯರು' ಮಾತ್ರ ಪೌರರಾಗಬಹುದು ಎಂದು ಅದು ಹೇಳಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. ಏಷ್ಯಾದವರು ಹೊರಗೇ ಉಳಿದರು.

ಪೌರತ್ವ ಸಿಗದಿದ್ದರೆ ಮತ ಹಾಕೋಕಾಗಲ್ಲ, ಅಷ್ಟೇ ತಾನೇ ಅನ್ನಿಸಬಹುದು. ಅಷ್ಟಕ್ಕೇ ನಿಲ್ಲಲಿಲ್ಲ. 1913ರಲ್ಲಿ ಕ್ಯಾಲಿಫೋರ್ನಿಯಾ, 'ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು' ಬೇಸಾಯದ ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆಗೂ ಮೂರು ವರ್ಷಕ್ಕಿಂತ ಜಾಸ್ತಿ ಪಡೆಯುವಂತಿಲ್ಲ ಎಂದು ಕಾನೂನು ಮಾಡಿತು. ಜಪಾನಿಯರ ಹೆಸರೇ ಅದರಲ್ಲಿರಲಿಲ್ಲ, ಆದರೆ ಯಾರ ಮೇಲೆ ಗುರಿ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಸಂವಿಧಾನದ 14ನೇ ತಿದ್ದುಪಡಿ ಪ್ರಕಾರ ಪೌರರು, ಹಾಗಾಗಿ ಅಪ್ಪ ಅಮ್ಮ ಮಕ್ಕಳ ಹೆಸರಲ್ಲಿ ಜಮೀನು ಕೊಂಡು ಉಳುಮೆ ಮಾಡುತ್ತಿದ್ದರು. 1920ರಲ್ಲಿ ಆ ದಾರಿಯನ್ನೂ ಮುಚ್ಚಲು ನೋಡಿದರು. 1924ರಲ್ಲಿ ಕೇಂದ್ರದ ವಲಸೆ ಕಾಯ್ದೆ, ಪೌರತ್ವಕ್ಕೆ ಅರ್ಹರಲ್ಲದವರು ದೇಶದೊಳಗೆ ಬಂದು ನೆಲೆಸುವುದನ್ನೇ ತಡೆಯಿತು. ಬಾಗಿಲು ಹಾಕಿದ್ದು ಹೀಗೆ, ಒಂದೇ ಷರತ್ತನ್ನು ಮತ್ತೆ ಮತ್ತೆ ಬಳಸಿ.

ಇದರಲ್ಲಿ ನಮ್ಮವರೂ ಸಿಕ್ಕಿಬಿದ್ದರು. ಒಜಾವಾ ತೀರ್ಪಿನಲ್ಲಿ ಕೋರ್ಟ್ 'ಬಿಳಿಯ' ಅಂದರೆ ಕಕೇಷಿಯನ್ (ಆಗಿನ ಜನಾಂಗ ಶಾಸ್ತ್ರ ಯುರೋಪಿನವರನ್ನು ಸೇರಿಸಿದ್ದ ಗುಂಪು) ಎಂದಿತ್ತು. ಮೂರೇ ತಿಂಗಳಲ್ಲಿ, 1923ರ ಫೆಬ್ರವರಿಯಲ್ಲಿ, ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಪೌರತ್ವದ ಕೇಸಿನ ತೀರ್ಪು ಬಂತು. ಆಗಿನ ಜನಾಂಗ ಶಾಸ್ತ್ರ ಭಾರತೀಯರನ್ನೂ ಕಕೇಷಿಯನ್ ಅನ್ನುತ್ತಿತ್ತಲ್ವಾ? ಒಜಾವಾ ತೀರ್ಪನ್ನೂ ಬರೆದಿದ್ದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಈ ಸಲ, ಶಾಸ್ತ್ರ ಬೇಡ, ಸಾಮಾನ್ಯ ಜನ ಯಾರನ್ನು ಬಿಳಿಯರು ಅಂತಾರೋ ಅವರೇ ಬಿಳಿಯರು ಎಂದು ಬರೆದರು. ಅಳತೆಗೋಲನ್ನೇ ಬದಲಿಸಿದ್ದು ಇದು, ನ್ಯಾಯ ಅಲ್ಲ. ಆಗಲೇ ಪೌರರಾಗಿದ್ದ ಎಷ್ಟೋ ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು.

ಹುಟ್ಟಿನಿಂದ ಸಿಕ್ಕ ಪೌರತ್ವವೂ ಕಾಪಾಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಶತ್ರುವಾದಾಗ, 1942ರಿಂದ ಬಂಧನ ಶಿಬಿರಗಳಿಗೆ ತಳ್ಳಿದ ಸುಮಾರು 1,20,000 ಜಪಾನಿ ಮೂಲದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪೌರರೇ.

ಚೀನೀಯರಿಗೆ 1943ರಲ್ಲಿ, ಭಾರತೀಯರಿಗೆ 1946ರಲ್ಲಿ ಪೌರತ್ವದ ಅವಕಾಶ ಸಿಕ್ಕಿತು. ಜಪಾನಿಯರು 1952ರವರೆಗೆ ಕಾಯಬೇಕಾಯಿತು. ಆಗಲೂ ಜಪಾನಿಗೆ ಕೊಟ್ಟ ವಲಸೆ ಕೋಟಾ ವರ್ಷಕ್ಕೆ 185 ಜನ.